ಒಂದು ಸೀಟಿನ ಲೆಕ್ಕಕ್ಕೆ ಎಂಥ ಯಂತ್ರ ಬೇಕು?

ಬೆಳಗಿನ ಹತ್ತು ಗಂಟೆಯಾಗಲು ಇನ್ನೆರಡು ನಿಮಿಷ. ಬಸವನಗುಡಿಯ ಒಂದು ಮನೆಯಲ್ಲಿ ಒಲೆಯ ಮೇಲಿನ ಹಾಲನ್ನೂ ಮರೆತು ಮನೆಮಂದಿಯೆಲ್ಲ ಒಂದು ಮೊಬೈಲ್ ಫೋನಿನ ಸುತ್ತ ನೆರೆದಿದ್ದಾರೆ. ನಾಡಿದ್ದು ಹುಬ್ಬಳ್ಳಿಯಲ್ಲಿ ಮದುವೆ. ನಾಳೆ ರಾತ್ರಿಯ ರೈಲಿನಲ್ಲಿ ಅಜ್ಜಿಗೊಂದು ಹವಾನಿಯಂತ್ರಿತ ಬರ್ತ್ ಸಿಕ್ಕಿತೆಂದರೆ ಎಲ್ಲರ ಚಿಂತೆಯೂ ತೀರಿತು. ಗಡಿಯಾರದ ಮುಳ್ಳು ಹತ್ತನ್ನು ಮುಟ್ಟುತ್ತಲೇ ಮೊಮ್ಮಗನ ಬೆರಳು ಫೋನಿನ ಮೇಲೆ ಓಡುತ್ತದೆ. ಅದೇ ಕ್ಷಣದಲ್ಲಿ ದೇಶದ ಮೂಲೆಮೂಲೆಗಳಲ್ಲಿ ಸಾವಿರಾರು ಬೆರಳುಗಳು ಓಡುತ್ತಿರುತ್ತವೆ. ತತ್ಕಾಲ್ ಟಿಕೆಟ್ಟಿನ ಬಾಗಿಲು ತೆರೆಯಿತು! ಕೆಲವು ನಿಮಿಷಗಳಲ್ಲಿ ಎಲ್ಲವೂ ಮುಗಿದುಹೋಗುತ್ತದೆ. ಒಂದು ಮನೆಯಲ್ಲಿ ಸಂತೋಷ, ಇನ್ನೊಂದು ಮನೆಯಲ್ಲಿ ನಿಟ್ಟುಸಿರು.

ಆ ಒಂದೊಂದು ಬೆರಳಿನ ತಾಕೂ ಗಣಕಯಂತ್ರದ ಲೆಕ್ಕದಲ್ಲಿ ಒಂದು ‘ಘಟನೆ’. ಇಂಥವರು, ಇಷ್ಟು ಹೊತ್ತಿಗೆ, ಇಂಥ ರೈಲಿನಲ್ಲಿ, ಇಂಥ ಬರ್ತನ್ನು ಕೇಳಿದರು ಎಂಬುದು ಒಂದು ಘಟನೆ. ಹಣ ಸಂದಿತು ಎಂಬುದು ಇನ್ನೊಂದು. ರದ್ದುಮಾಡಿದರು ಎಂಬುದು ಮತ್ತೊಂದು. ಬ್ಯಾಂಕಿನಲ್ಲಿ ಹಣ ಕಟ್ಟುವುದು, ಹೆದ್ದಾರಿಯ ಸುಂಕದ ಕಟ್ಟೆಯನ್ನು ಕಾರು ದಾಟುವುದು, ಷೇರು ಪೇಟೆಯಲ್ಲಿ ಧಾರಣೆ ನಾಲ್ಕಾಣೆ ಏರುವುದು, ಎಲ್ಲವೂ ಘಟನೆಗಳೇ. ಇವು ಹೊಳೆಯ ನೀರಿನಂತೆ ಒಂದರ ಹಿಂದೊಂದು ಬರುತ್ತಲೇ ಇರುತ್ತವೆ. ಯಾರ ಅನುಕೂಲಕ್ಕಾಗಿಯೂ ನಿಲ್ಲುವುದಿಲ್ಲ. ಇವುಗಳನ್ನು ಬಂದ ಹಾಗೆಯೇ ಹಿಡಿದು, ತಪ್ಪಿಲ್ಲದೆ ಬರೆದುಕೊಂಡು, ತಕ್ಷಣ ಉತ್ತರ ಕೊಡಬಲ್ಲ ತಂತ್ರಾಂಶ, ಅಂದರೆ ಎಲ್ಲರ ಬಾಯಲ್ಲೂ ಇರುವ ಸಾಫ್ಟ್‌ವೇರ್, ಪ್ರತಿಯೊಂದು ದೊಡ್ಡ ಸಂಸ್ಥೆಗೂ ಬೇಕು. ಈಚೆಗೆ ಸಣ್ಣ ಸಂಸ್ಥೆಗಳಿಗೂ ಬೇಕಾಗಿದೆ.

ಅಲ್ಲಿಯೇ ಒಂದು ಹಳೆಯ ಜಿಜ್ಞಾಸೆ ಎದುರಾಗುತ್ತದೆ. ಒಂದೇ ಕಸುಬಿಗೆಂದು ಅಳತೆಗೆ ತಕ್ಕಂತೆ ಹೊಲಿದ ತಂತ್ರಾಂಶವನ್ನು ಕೊಳ್ಳಬೇಕೆ? ಅಥವಾ ಹಲವು ಕೆಲಸಗಳಿಗೆ ಬಗ್ಗಿಸಿಕೊಳ್ಳಬಹುದಾದುದನ್ನು ತಂದು ತಮಗೆ ಬೇಕಾದಂತೆ ತಿದ್ದಿಕೊಳ್ಳಬೇಕೆ? ಮೊದಲನೆಯದು ಇಡ್ಲಿ ಪಾತ್ರೆಯ ಹಾಗೆ. ಇಡ್ಲಿಗೆ ಅದಕ್ಕಿಂತ ಉತ್ತಮವಾದುದಿಲ್ಲ. ಆದರೆ ಹುಳಿ ಕುದಿಸಲು ಬಾರದು. ಎರಡನೆಯದು ತಪಲೆಯ ಹಾಗೆ. ಎಲ್ಲಕ್ಕೂ ಆದೀತು, ಆದರೆ ಅದರಲ್ಲಿ ಇಡ್ಲಿ ಬೇಯಿಸುವ ಗೃಹಿಣಿಯ ಪಾಡನ್ನು ಅವಳೇ ಬಲ್ಲಳು. ಪಾತ್ರೆಯ ವಿಷಯದಲ್ಲಿ ತಪ್ಪಿದರೆ ನಷ್ಟ ನೂರು ರೂಪಾಯಿ. ತಂತ್ರಾಂಶದ ವಿಷಯದಲ್ಲಿ ತಪ್ಪಿದವರು ಕೋಟಿಗಟ್ಟಲೆ ಡಾಲರುಗಳನ್ನು ನೀರಿಗೆ ಚೆಲ್ಲಿದ್ದುಂಟು. ಆ ಕಥೆಯೂ ಒಂದು ಸೀಟಿನ ಲೆಕ್ಕದಿಂದಲೇ ಆರಂಭವಾಗುತ್ತದೆ.

ತಿರುಗುವ ಮೇಜು

ಅಮೆರಿಕದ ಅರ್ಕನ್ಸಾ ಸಂಸ್ಥಾನದ ಲಿಟಲ್ ರಾಕ್ ಪಟ್ಟಣದಲ್ಲಿ ಅಮೆರಿಕನ್ ಏರ್‌ಲೈನ್ಸ್ ಎಂಬ ವಿಮಾನ ಕಂಪನಿಯ ಮುಂಗಡ ಟಿಕೆಟ್ಟಿನ ಕಚೇರಿಯೊಂದಿತ್ತು. ಅಲ್ಲಿ ಒಂದು ತಿರುಗುವ ಮೇಜು. ಅದರ ಮೇಲೆ ಒಂದೊಂದು ವಿಮಾನಯಾನಕ್ಕೆ ಒಂದೊಂದು ಕಾರ್ಡು. ಸುತ್ತಲೂ ಎಂಟು ಮಂದಿ ಗುಮಾಸ್ತರು. ಟಿಕೆಟ್ಟಿನ ಕೋರಿಕೆ ಬಂದೊಡನೆ ಮೇಜನ್ನು ತಿರುಗಿಸಿ, ಆ ಯಾನದ ಕಾರ್ಡನ್ನು ಹುಡುಕಿ, ಅದರಲ್ಲಿ ಗುರುತು ಹಾಕಿ, ಸೀಟು ಉಂಟು ಅಥವಾ ಇಲ್ಲ ಎಂದು ತಿಳಿಸುತ್ತಿದ್ದರು. ಕೋರಿಕೆ ಬಂದಲ್ಲಿಂದ ಟಿಕೆಟ್ ಸಿದ್ಧವಾಗುವವರೆಗೆ ಸರಾಸರಿ 90 ನಿಮಿಷ ಹಿಡಿಯುತ್ತಿತ್ತು. ವ್ಯಾಪಾರ ಬೆಳೆದರೆ ಇನ್ನಷ್ಟು ಗುಮಾಸ್ತರನ್ನು ನೇಮಿಸಬಹುದಿತ್ತಲ್ಲ ಎಂದು ಕೇಳಬಹುದು. ಆದರೆ ಒಂದು ಮೇಜಿನ ಸುತ್ತ ಎಷ್ಟು ಜನ ಕುಳಿತಾರು!

ಇದಕ್ಕೆ ಪರಿಹಾರವಾಗಿ ಬಂದುದು ‘ರಿಸರ್ವೈಸರ್’ ಎಂಬ ಯಂತ್ರ. 1952ರಲ್ಲಿ ನ್ಯೂಯಾರ್ಕಿನಲ್ಲಿ ಸ್ಥಾಪಿಸಿದ ಅದರ ಸುಧಾರಿತ ರೂಪದಲ್ಲಿ ಕಾಂತೀಯ ಉರುಳೆಯೊಂದರ ಮೇಲೆ ಪ್ರತಿಯೊಂದು ಯಾನದಲ್ಲಿ ಉಳಿದಿರುವ ಸೀಟುಗಳ ಸಂಖ್ಯೆ ದಾಖಲಾಗಿರುತ್ತಿತ್ತು. ಗುಮಾಸ್ತ ಗುಂಡಿಯನ್ನೊತ್ತಿದರೆ ಸೀಟಿನ ಸಮಾಚಾರವನ್ನು ದೀಪ ಹೇಳುತ್ತಿತ್ತು. ಸೀಟು ಎಣಿಸುವುದೊಂದೇ ಅದರ ಕಸುಬು. ಅದನ್ನು ಅಚ್ಚುಕಟ್ಟಾಗಿಯೇ ಮಾಡುತ್ತಿತ್ತು. ಆದರೆ ಆ ಸೀಟಿನಲ್ಲಿ ಕೂರುವವರು ಯಾರು ಎಂಬುದು ಅದಕ್ಕೆ ತಿಳಿಯದು. ಪ್ರಯಾಣಿಕರ ಹೆಸರು, ವಿಳಾಸ, ಫೋನ್ ಸಂಖ್ಯೆ ಎಲ್ಲವನ್ನೂ ಬೇರೆ ಕಡೆ ಕೈಯಲ್ಲಿ ಬರೆದಿಡಬೇಕಾಗಿತ್ತು. ಯಂತ್ರದ ಲೆಕ್ಕಕ್ಕೂ ಹೆಸರಿನ ಪಟ್ಟಿಗೂ ತಾಳೆಯಾಗದಿದ್ದರೆ ವಿಮಾನದ ಬಾಗಿಲಲ್ಲಿ ಜಗಳ. ಅತಿಯಾಗಿ ಒಂದೇ ಕಸುಬಿಗೆ ಕಟ್ಟುಬಿದ್ದ ಯಂತ್ರದ ದೋಷ ಇದೇ: ಮಾಡಬೇಕಾದುದನ್ನು ಅದು ಚೆನ್ನಾಗಿ ಮಾಡುತ್ತದೆ, ಆದರೆ ಮಾಡಬೇಕಾದುದೇನೆಂಬುದನ್ನು ಕಟ್ಟಿದವರು ತೀರ ಕಿರಿದಾಗಿ ಕಂಡಿರುತ್ತಾರೆ.

1953ರಲ್ಲಿ ಒಂದು ಸೋಜಿಗದ ಭೇಟಿ ನಡೆಯಿತು. ಲಾಸ್ ಏಂಜಲೀಸ್‌ನಿಂದ ನ್ಯೂಯಾರ್ಕಿಗೆ ಹೊರಟ ವಿಮಾನದಲ್ಲಿ ಇಬ್ಬರು ಸ್ಮಿತ್‌ಗಳು ಭೇಟಿಯಾದರು. ಒಬ್ಬರು ಅಮೆರಿಕನ್ ಏರ್‌ಲೈನ್ಸಿನ ಅಧ್ಯಕ್ಷ ಸಿ. ಆರ್. ಸ್ಮಿತ್; ಇನ್ನೊಬ್ಬರು ಐಬಿಎಂ ಕಂಪನಿಯ ಮಾರಾಟಗಾರ ಆರ್. ಬ್ಲೇರ್ ಸ್ಮಿತ್. ಹೆಸರಿನ ಹೊಂದಿಕೆಯಿಂದ ಮಾತು ಆರಂಭವಾಗಿ ಟಿಕೆಟ್ಟಿನ ತೊಂದರೆಯವರೆಗೆ ಬಂದಿತು. ಆ ವೇಳೆಗೆ ಐಬಿಎಂ ಸಂಸ್ಥೆಯು ಅಮೆರಿಕದ ವಾಯುಪಡೆಗಾಗಿ ‘ಸೇಜ್’ ಎಂಬ ರಕ್ಷಣಾ ವ್ಯವಸ್ಥೆಯಲ್ಲಿ ತೊಡಗಿತ್ತು. ದೂರದೂರದ ರಡಾರುಗಳಿಂದ ಬರುವ ಸುದ್ದಿಗಳನ್ನು ಬಂದ ಕ್ಷಣದಲ್ಲಿಯೇ ಒಟ್ಟುಗೂಡಿಸಿ ತೆರೆಯ ಮೇಲೆ ತೋರಿಸುವುದು ಅದರ ಕೆಲಸ. ಶತ್ರುವಿಮಾನದ ಸುಳಿವಾದರೇನು, ಪ್ರಯಾಣಿಕನ ಕೋರಿಕೆಯಾದರೇನು? ಎರಡೂ ದೂರದಿಂದ ಬರುವ ಘಟನೆಗಳೇ ಅಲ್ಲವೆ!

ಹೀಗೆ ಹುಟ್ಟಿದುದು ‘ಸೇಬರ್’. ನ್ಯೂಯಾರ್ಕ್ ಸಂಸ್ಥಾನದ ಬ್ರಯರ್‌ಕ್ಲಿಫ್ ಮ್ಯಾನರ್ ಎಂಬಲ್ಲಿ ಎರಡು ಐಬಿಎಂ 7090 ಗಣಕಯಂತ್ರಗಳನ್ನು ನೆಲೆಗೊಳಿಸಿದರು. 1964ರ ವೇಳೆಗೆ ಕಂಪನಿಯ ಟಿಕೆಟ್ಟಿನ ವ್ಯವಹಾರವೆಲ್ಲ ಅದರ ಪಾಲಿಗೆ ಬಂದಿತು. ದಿನವೊಂದಕ್ಕೆ 83,000 ಫೋನ್ ಕರೆಗಳನ್ನು ಸುಧಾರಿಸಬೇಕೆಂಬುದು ಅದಕ್ಕೆ ವಿಧಿಸಿದ ಗುರಿ. ತಗಲಿದ ವೆಚ್ಚ 4 ಕೋಟಿ ಡಾಲರುಗಳು. ಹಿಂದಿನ ಯಂತ್ರದಂತೆ ಸೀಟನ್ನು ಮಾತ್ರ ಎಣಿಸದೆ, ಪ್ರಯಾಣಿಕನ ಹೆಸರನ್ನೂ ಅವನ ಪ್ರಯಾಣದ ವಿವರವನ್ನೂ ಒಂದೇ ದಾಖಲೆಯಲ್ಲಿ ಕೂಡಿಸಿಟ್ಟುದು ಸೇಬರ್‌ನ ಹೆಚ್ಚುಗಾರಿಕೆ. ಒಂದೂವರೆ ಗಂಟೆಯ ಕೆಲಸ ಸೆಕೆಂಡುಗಳಿಗೆ ಇಳಿಯಿತು.

ಐಬಿಎಂ ಅಲ್ಲಿಗೇ ನಿಲ್ಲಲಿಲ್ಲ. ಒಬ್ಬ ಗಿರಾಕಿಗೆ ಹೊಲಿದ ಅಂಗಿಯ ಅಳತೆಗಳನ್ನಿಟ್ಟುಕೊಂಡು ಉಳಿದ ವಿಮಾನ ಕಂಪನಿಗಳಿಗೂ ಆಗುವಂಥ ಒಂದು ತಂತ್ರಾಂಶವನ್ನು ಸಿದ್ಧಪಡಿಸಿತು. ಅದರ ಬುಡದಲ್ಲಿದ್ದ ಭಾಗಕ್ಕೆ 1979ರಲ್ಲಿ ‘ಟಿಪಿಎಫ್’ ಎಂಬ ಹೆಸರು ಬಂದಿತು. ಟಿಪಿಎಫ್ ಎಂಬುದು ಮಿತವ್ಯಯದ ಪರಾಕಾಷ್ಠೆ ಎನ್ನಬೇಕು. ಅದರಲ್ಲಿ ಮಾಹಿತಿಯನ್ನಿಡುವ ಗೂಡುಗಳು ಗೊತ್ತಾದ ಅಳತೆಯವು: 381 ಬೈಟು, 1,055 ಬೈಟು, 4,095 ಬೈಟು. ಕೊಟ್ಟ ಮಾಹಿತಿಯನ್ನು ಈ ಗೂಡುಗಳಲ್ಲಿಯೇ ಅಡಕಬೇಕು. ಬಹುಕಾಲದವರೆಗೆ ಅದಕ್ಕೆ ಆಜ್ಞೆಗಳನ್ನು ಬರೆಯಬೇಕಾದುದು ಯಂತ್ರಕ್ಕೆ ಅತಿ ಸಮೀಪದ ಅಸೆಂಬ್ಲಿ ಭಾಷೆಯಲ್ಲಿ. ಅದನ್ನು ಬಲ್ಲವರು ವಿರಳ. ಅಷ್ಟಾದರೂ ಲಕ್ಷೋಪಲಕ್ಷ ಸಣ್ಣ ಸಣ್ಣ ಘಟನೆಗಳನ್ನು ಒಂದೇ ಸಮನೆ ಅರಗಿಸಿಕೊಳ್ಳುವುದರಲ್ಲಿ ಅದು ಗಟ್ಟಿಗ. ವಿಮಾನ ಕಂಪನಿಗಳಲ್ಲದೆ ಕಾರ್ಡಿನ ಮೂಲಕ ಹಣ ಪಾವತಿ ಮಾಡಿಸುವ ವೀಸಾದಂಥ ಸಂಸ್ಥೆಯೂ ಅದನ್ನು ನೆಚ್ಚಿಕೊಂಡಿತೆಂದರೆ ಅದರ ಕಸುವು ಎಷ್ಟೆಂಬುದನ್ನು ಊಹಿಸಬಹುದು.

ಹನ್ನೆರಡೂವರೆ ಕೋಟಿ ಡಾಲರಿನ ಪಾಠ

ಇಷ್ಟು ಸೊಗಸಾಗಿ ವಿಮಾನದ ಸೀಟನ್ನು ಮಾರಬಲ್ಲವರಿಗೆ ಹೋಟೆಲಿನ ಕೋಣೆಯನ್ನು ಮಾರುವುದು ಏನು ಮಹಾ ಕಷ್ಟ? 1988ರಲ್ಲಿ ಹೀಗೆಯೇ ಯೋಚಿಸಿದವರು ಸಾಮಾನ್ಯರಲ್ಲ. ಅಮೆರಿಕನ್ ಏರ್‌ಲೈನ್ಸಿನ ಮಾತೃಸಂಸ್ಥೆಯಾದ ಎಎಂಆರ್ ಕಂಪನಿಯ ತಂತ್ರಾಂಶ ವಿಭಾಗ, ಹಿಲ್ಟನ್ ಮತ್ತು ಮ್ಯಾರಿಯಟ್ ಹೋಟೆಲುಗಳು, ಬಜೆಟ್ ಎಂಬ ಬಾಡಿಗೆ ಕಾರಿನ ಕಂಪನಿ, ಈ ನಾಲ್ವರು ಸೇರಿ ‘ಕನ್ಫರ್ಮ್’ ಎಂಬ ಹೊಸ ವ್ಯವಸ್ಥೆಗೆ ಕೈಹಾಕಿದರು. ವಿಮಾನದ ಸೀಟು, ಹೋಟೆಲಿನ ಕೋಣೆ, ಬಾಡಿಗೆಯ ಕಾರು ಮೂರನ್ನೂ ಒಂದೇ ಕಿಟಕಿಯಲ್ಲಿ ಕೊಡಿಸುವುದು ಅವರ ಹಂಬಲ. ಸೇಬರ್‌ನಂಥ ಯಶಸ್ಸು ಬೆನ್ನಿಗಿತ್ತು. ಹಣಕ್ಕೆ ಕೊರತೆಯಿರಲಿಲ್ಲ.

ಆದರೆ ಸೀಟಿಗೂ ಕೋಣೆಗೂ ಇರುವ ಅಂತರವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ವಿಮಾನ ಹೊರಟಿತೆಂದರೆ ಸೀಟಿನ ಲೆಕ್ಕ ಮುಗಿಯಿತು. ಹತ್ತಿದವರು ಹತ್ತಿದರು, ಉಳಿದವರು ಉಳಿದರು. ಕೋಣೆಯ ಲೆಕ್ಕ ಹಾಗೆ ಮುಗಿಯುವುದಲ್ಲ. ಮೂರು ದಿನಕ್ಕೆಂದು ಬಂದ ಅತಿಥಿ ಐದು ದಿನ ನಿಲ್ಲುತ್ತಾನೆ. ಐದು ದಿನಕ್ಕೆಂದು ಬಂದವನು ಮರುದಿನವೇ ಹೊರಡುತ್ತಾನೆ. ಸಮ್ಮೇಳನಕ್ಕೆ ಬಂದ ನೂರು ಜನರಿಗೆ ಒಂದು ದರ, ವಾರದ ಕೊನೆಗೆ ಇನ್ನೊಂದು ದರ. ಸಮುದ್ರದ ಕಡೆಯ ಕಿಟಕಿಯಿದ್ದರೆ ಬೇರೆಯದೇ ದರ. ಕಾರಂತೂ ಇನ್ನೂ ಚಪಲ. ಒಂದು ಊರಿನಲ್ಲಿ ಹೊರಟದ್ದು ಮತ್ತೊಂದು ಊರಿನಲ್ಲಿ ಮರಳುತ್ತದೆ. ‘ಕಾದಿರಿಸಿದರು’ ಎಂಬ ಮಾತು ಮೂರು ಕಸುಬಿನಲ್ಲಿಯೂ ಒಂದೇ. ಆ ಮಾತಿನ ಹಿಂದಿನ ಘಟನೆ ಮಾತ್ರ ಬೇರೆಬೇರೆ.

ಕನ್ಫರ್ಮ್‌ಗೆ ಎರಡು ಅಂಗಗಳಿದ್ದವು. ಕ್ಷಣಕ್ಷಣದ ಕಾದಿರಿಸುವಿಕೆಯನ್ನು ನೋಡಿಕೊಳ್ಳಲು ಟಿಪಿಎಫ್‌ನ ಮಾದರಿಯದೊಂದು; ದರ ನಿರ್ಣಯ ಮೊದಲಾದ ಆಲೋಚನೆಯ ಕೆಲಸಕ್ಕೆ ಎತ್ತಬೇಕಾದಂತೆ ಎತ್ತಿ, ಕೂಡಿಸಬೇಕಾದಂತೆ ಕೂಡಿಸಬಹುದಾದ ಸಾಮಾನ್ಯ ದತ್ತಾಂಶ ಕೋಶದ ಮಾದರಿಯದು ಇನ್ನೊಂದು. ಒಂದು ಇಡ್ಲಿ ಪಾತ್ರೆ, ಇನ್ನೊಂದು ತಪಲೆ! ಎರಡನ್ನೂ ಬೆಸೆದರೆ ಎರಡರ ಗುಣವೂ ಬರುವುದೆಂದು ಎಣಿಸಿದ್ದರು. ಬೆಸುಗೆ ಕೂಡಲಿಲ್ಲ. ಎರಡು ಅಂಗಗಳೂ ಒಂದಕ್ಕೊಂದು ಮಾತನಾಡಲೊಲ್ಲವು. ವ್ಯವಸ್ಥೆ ಕುಸಿದು ಬಿದ್ದರೆ ಕಳೆದುಹೋದ ದಾಖಲೆಗಳನ್ನು ಮರಳಿ ಪಡೆಯುವಂತಿಲ್ಲ ಎಂಬುದೂ ಬೆಳಕಿಗೆ ಬಂದಿತು. ಘಟನೆಗಳನ್ನು ನಂಬಿ ಬದುಕುವ ವ್ಯಾಪಾರದಲ್ಲಿ ಇದಕ್ಕಿಂತ ದೊಡ್ಡ ಕುಂದು ಬೇರೊಂದಿಲ್ಲ.

ತಂತ್ರಾಂಶದ ಕುಂದನ್ನು ಮನುಷ್ಯರ ಕುಂದು ಮತ್ತಷ್ಟು ಬೆಳೆಸಿತು. ಕೆಲಸ ಹಿಂದೆಬಿದ್ದಿದೆಯೆಂದು ಒಳಗಿನವರಿಗೆ ಗೊತ್ತಿದ್ದರೂ ಪಾಲುದಾರರಿಗೆ ಹೋಗುತ್ತಿದ್ದ ವರದಿಗಳು ಎಲ್ಲವೂ ಸರಿಯಿದೆಯೆಂದೇ ಹೇಳುತ್ತಿದ್ದವು. 1992ರ ಏಪ್ರಿಲಿನಲ್ಲಿ ನಿಜಸ್ಥಿತಿ ಹೊರಬಿದ್ದು, ಹೊಣೆ ಹೊತ್ತಿದ್ದ ಹಿರಿಯ ಅಧಿಕಾರಿಗಳನ್ನು ಕೆಲಸದಿಂದ ತೆಗೆದರು. ಜುಲೈ ತಿಂಗಳಲ್ಲಿ ಯೋಜನೆಯನ್ನೇ ಕೈಬಿಟ್ಟರು. ಅಷ್ಟರಲ್ಲಿ ಮೂರೂವರೆ ವರ್ಷಗಳೂ ಸುಮಾರು 12.5 ಕೋಟಿ ಡಾಲರುಗಳೂ ಸಂದಿದ್ದವು. ಆಮೇಲೆ ಪಾಲುದಾರರು ಒಬ್ಬರ ಮೇಲೊಬ್ಬರು ಹೂಡಿದ ದಾವೆಗಳು 1994ರ ಆರಂಭದ ವೇಳೆಗೆ ನ್ಯಾಯಾಲಯದ ಹೊರಗೆ ರಾಜಿಯಲ್ಲಿ ಮುಗಿದವು. ಈ ಪ್ರಕರಣವನ್ನು ಇಂದಿಗೂ ಗಣಕವಿಜ್ಞಾನದ ವಿದ್ಯಾರ್ಥಿಗಳಿಗೆ ಪಾಠವಾಗಿ ಹೇಳುವುದುಂಟು. ಸಾಮಾನ್ಯವಾಗಿ ಪಾಠದಲ್ಲಿ ಒತ್ತಿಹೇಳುವುದು ಸುಳ್ಳು ವರದಿಯ ವಿಚಾರವನ್ನು. ಅದು ಸರಿಯೇ. ಆದರೆ ಸುಳ್ಳು ಹೇಳಬೇಕಾದ ಪರಿಸ್ಥಿತಿ ಮೊದಲು ಬಂದುದು, ಒಂದು ಕಸುಬಿನ ಘಟನೆಯನ್ನು ಇನ್ನೊಂದು ಕಸುಬಿನ ಘಟನೆಯೆಂದು ಎಣಿಸಿದ್ದರಿಂದ ಎಂಬುದನ್ನು ಮರೆಯುವಂತಿಲ್ಲ.

ಅರಸೀಕೆರೆಯಲ್ಲಿ ಇಳಿಯುವ ಪ್ರಯಾಣಿಕ

ಭಾರತದ ರೈಲ್ವೆಯು ಗಣಕಯಂತ್ರಕ್ಕೆ ಕೈಹಾಕಿದಾಗ ವಿಮಾನದ ತಂತ್ರಾಂಶಗಳು ಲೋಕಪ್ರಸಿದ್ಧವಾಗಿದ್ದವು. ಅದನ್ನೇ ತಂದು ರೈಲಿಗೆ ತೊಡಿಸಿದ್ದರೆ ಏನಾಗುತ್ತಿತ್ತೆಂದು ಊಹಿಸಲು, ಹಳೆಯ ರಿಸರ್ವೇಷನ್ ಕೌಂಟರುಗಳನ್ನು ಕಂಡವರಿಗೆ ಕಷ್ಟವಿಲ್ಲ. ಒಂದೊಂದು ರೈಲಿಗೆ ಒಂದೊಂದು ಕಿಟಕಿ. ಒಂದೊಂದು ದಿನಕ್ಕೆ ಒಂದೊಂದು ಪುಟದ ದಪ್ಪ ರಿಜಿಸ್ಟರು. ಬೆಳಗಿನ ಜಾವದಿಂದ ನಿಂತು ಕಿಟಕಿಯವರೆಗೆ ಬಂದವನಿಗೆ, ಇದು ಬೇರೆ ರೈಲಿನ ಕಿಟಕಿ ಎಂಬ ಉತ್ತರ ಸಿಕ್ಕಿದರೆ ಮತ್ತೊಂದು ಸಾಲಿನ ಬಾಲವೇ ಗತಿ. ಹಿಂದಿರುಗುವ ಪ್ರಯಾಣದ ಬರ್ತಿಗಾಗಿ ಆ ಊರಿಗೆ ತಂತಿ ಕಳುಹಿಸಿ ಉತ್ತರಕ್ಕಾಗಿ ಕಾಯಬೇಕಾಗಿತ್ತು.

ಆ ರಿಜಿಸ್ಟರಿನೊಳಗಿದ್ದ ನಿಯಮಗಳು ಯಾವ ವಿಮಾನ ಕಂಪನಿಯೂ ಕನಸಿನಲ್ಲಿ ಕಾಣದಂಥವು. ಬೆಂಗಳೂರಿನಿಂದ ಅರಸೀಕೆರೆಯವರೆಗೆ ಒಬ್ಬರು ಮಲಗಿ ಬಂದ ಬರ್ತಿನಲ್ಲಿಯೇ ಅರಸೀಕೆರೆಯಿಂದ ಹುಬ್ಬಳ್ಳಿಯವರೆಗೆ ಇನ್ನೊಬ್ಬರು ಮಲಗಬಹುದು. ನಡುವಿನ ನಿಲ್ದಾಣಗಳಿಗೆ ತಮ್ಮದೇ ಪಾಲು. ಹೆಂಗಸರಿಗೊಂದು, ರಕ್ಷಣಾ ಇಲಾಖೆಗೊಂದು, ವಿದೇಶಿ ಪ್ರವಾಸಿಗಳಿಗೊಂದು, ತುರ್ತಿನವರಿಗೊಂದು ಕೋಟಾ. ಬರ್ತ್ ತೀರಿದ ಮೇಲೆ ಆರ್‌ಎಸಿ ಎಂಬ ತ್ರಿಶಂಕು ಸ್ವರ್ಗ. ಇಬ್ಬರು ಅಪರಿಚಿತರು ಪಕ್ಕದ ಕೆಳ ಬರ್ತಿನ ಎರಡು ತುದಿಗಳಲ್ಲಿ ಕುಳಿತು, ಯಾರಾದರೂ ರದ್ದುಮಾಡಿಯಾರೇ ಎಂದು ಕಾಯುವುದು. ಅದರ ಕೆಳಗೆ ವೇಟಿಂಗ್ ಲಿಸ್ಟು. ಮೇಲೆ ಒಬ್ಬರು ರದ್ದುಮಾಡಿದರೆ ಕೆಳಗಿನವರೆಲ್ಲ ಒಂದೊಂದು ಮೆಟ್ಟಿಲು ಏರಬೇಕು. ಅಂದರೆ ಒಂದು ಘಟನೆಯಿಂದ ಹತ್ತು ಘಟನೆಗಳು ಹುಟ್ಟುತ್ತವೆ.

ಆದುದರಿಂದ ಈ ಕೆಲಸಕ್ಕೆ ಇಲ್ಲಿಯೇ ಹೊಲಿದ ತಂತ್ರಾಂಶ ಬಂದಿತು. ಆಗ ಸರ್ಕಾರದ ಸ್ವಾಮ್ಯದಲ್ಲಿದ್ದ ಸಿಎಂಸಿ ಸಂಸ್ಥೆ ಸಿದ್ಧಪಡಿಸಿದ ‘ಇಂಪ್ರೆಸ್’ 1985ರಲ್ಲಿ ದೆಹಲಿಯಲ್ಲಿ ಕಾರ್ಯಾರಂಭ ಮಾಡಿತು. ಯಾವ ಕಿಟಕಿಯಲ್ಲಿಯಾದರೂ ಯಾವ ರೈಲಿನ ಟಿಕೆಟ್ಟಾದರೂ ಸಿಗುವ ಕಾಲ ಬಂದಿತು. ಆದರೆ ಬೇರೆಬೇರೆ ಕೇಂದ್ರಗಳು ಬೇರೆಬೇರೆ ದ್ವೀಪಗಳಾಗಿದ್ದವು. ಅವುಗಳನ್ನು ಬೆಸೆಯಲು ರೈಲ್ವೆಯು 1986ರಲ್ಲಿ ಸ್ಥಾಪಿಸಿದ ‘ಕ್ರಿಸ್’ ಎಂಬ ತನ್ನದೇ ಸಂಸ್ಥೆಯು ತಂತ್ರಾಂಶವನ್ನು ಹೊಸದಾಗಿ ಬರೆದು ‘ಕನ್ಸರ್ಟ್’ ಎಂದು ಹೆಸರಿಟ್ಟಿತು. 1994ರಲ್ಲಿ ಸಿಕಂದರಾಬಾದಿನಲ್ಲಿ ಮೊದಲ ಪ್ರಯೋಗ. 1999ರಲ್ಲಿ ದೆಹಲಿ, ಮುಂಬಯಿ, ಕಲ್ಕತ್ತ, ಮದರಾಸು, ಸಿಕಂದರಾಬಾದುಗಳ ಐದು ಕೇಂದ್ರಗಳೂ ಒಂದಾದವು. 2002ರಲ್ಲಿ ಟಿಕೆಟ್ಟು ಅಂತರಜಾಲಕ್ಕೆ ಬಂದಿತು.

ಇಲ್ಲಿ ಗಮನಿಸಬೇಕಾದುದೊಂದಿದೆ. ಕಸುಬು ಒಂದೇ ಆದರೂ ನಿಯಮಗಳು ಸುಮ್ಮನಿರಲಿಲ್ಲ. 1997ರಲ್ಲಿ ತತ್ಕಾಲ್ ಬಂದಿತು. ಎಷ್ಟು ದಿನ ಮೊದಲು ಕಾದಿರಿಸಬಹುದು ಎಂಬ ಅವಧಿ 2015ರಲ್ಲಿ 120 ದಿನಗಳಿಗೆ ಏರಿ, 2024ರ ನವೆಂಬರಿನಲ್ಲಿ ಮತ್ತೆ 60 ದಿನಗಳಿಗೆ ಇಳಿಯಿತು. 2025ರ ಜುಲೈಯಿಂದ ಅಂತರಜಾಲದ ತತ್ಕಾಲ್ ಟಿಕೆಟ್ಟಿಗೆ ಆಧಾರ್ ದೃಢೀಕರಣ ಬೇಕಾಯಿತು. ಇವನ್ನೆಲ್ಲ ತಂತ್ರಾಂಶದ ಎಲುಬಿನಲ್ಲಿಯೇ ಕೆತ್ತಿಬಿಟ್ಟಿದ್ದರೆ ಪ್ರತಿಯೊಂದು ಸುತ್ತೋಲೆಗೂ ಶಸ್ತ್ರಚಿಕಿತ್ಸೆ ಬೇಕಾಗುತ್ತಿತ್ತು. ಬರ್ತನ್ನು ಇಬ್ಬರಿಗೆ ಮಾರದಿರುವ ಕೆಲಸ ಎಂದೂ ಬದಲಾಗದು. ಯಾರಿಗೆ, ಎಂದು, ಎಷ್ಟಕ್ಕೆ ಮಾರಬೇಕೆಂಬುದು ವರ್ಷವರ್ಷವೂ ಬದಲಾಗುತ್ತದೆ. ಅಡುಗೆಮನೆಯ ಚಕ್ಕುಲಿ ಒರಳನ್ನು ಇದಕ್ಕೆ ಹೋಲಿಸಬಹುದು. ಹಿಟ್ಟನ್ನು ಒತ್ತುವ ಒರಳು ಒಂದೇ. ತಳದ ಬಿಲ್ಲೆಯನ್ನು ಬದಲಿಸಿದರೆ ಚಕ್ಕುಲಿಯೂ ಆದೀತು, ಖಾರಾಸೇವೆಯೂ ಆದೀತು. ಇಡ್ಲಿ ಪಾತ್ರೆ ಮತ್ತು ತಪಲೆಗಳ ವಾದದಲ್ಲಿ ಮುಳುಗಿದವರು ಈ ಮೂರನೆಯ ಪಾತ್ರೆಯನ್ನು ಮರೆಯುವುದೇ ಹೆಚ್ಚು.

ತನ್ನ ಮಜ್ಜಿಗೆ ಹುಳಿಯೆಂದವರುಂಟೆ?

ಹಾಗೆಂದು ಒಂದೇ ಕಸುಬಿನ ತಂತ್ರಾಂಶದ ಪಕ್ಷ ದುರ್ಬಲವೆಂದು ತಿಳಿಯಬಾರದು. 2005ರಲ್ಲಿ ಮೈಕೆಲ್ ಸ್ಟೋನ್‌ಬ್ರೇಕರ್ ಎಂಬ ಪ್ರಸಿದ್ಧ ಗಣಕವಿಜ್ಞಾನಿ ತಮ್ಮ ಸಹೋದ್ಯೋಗಿಯೊಡನೆ ಒಂದು ಪ್ರಬಂಧವನ್ನು ಪ್ರಕಟಿಸಿ, ಎಲ್ಲರಿಗೂ ಒಂದೇ ಅಳತೆಯ ದತ್ತಾಂಶ ಕೋಶ ಸಾಕೆಂಬ ಕಾಲ ಮುಗಿಯಿತೆಂದು ಸಾರಿದರು. ಷೇರು ಪೇಟೆಯ ಧಾರಣೆಗಳು ತಡವಾಗಿ ಬರುತ್ತಿವೆಯೇ ಎಂದು ಕಾದು ನೋಡಿ ಎಚ್ಚರಿಕೆ ಕೊಡುವ ಕೆಲಸವೊಂದನ್ನು ಅವರು ಎರಡು ಬಗೆಯ ತಂತ್ರಾಂಶಗಳಿಗೂ ಒಪ್ಪಿಸಿ ನೋಡಿದ್ದರು. ಸಾಮಾನ್ಯ ದತ್ತಾಂಶ ಕೋಶವು ಸೆಕೆಂಡಿಗೆ 900 ಸುದ್ದಿಗಳನ್ನು ನಿಭಾಯಿಸಿತು. ಘಟನಾ ಪ್ರವಾಹಕ್ಕೆಂದೇ ರಚಿಸಿದ ತಂತ್ರಾಂಶವು 1,60,000 ಸುದ್ದಿಗಳನ್ನು ನಿಭಾಯಿಸಿತು.

ಇಷ್ಟು ಅಂತರಕ್ಕೆ ಕಾರಣ ಸರಳವಾದುದೇ. ಸಾಮಾನ್ಯ ಕೋಶವು ಶಿಸ್ತಿನ ಶಾನುಭೋಗರಂತೆ; ಬಂದುದನ್ನೆಲ್ಲ ಮೊದಲು ಪುಸ್ತಕಕ್ಕೆ ಬರೆದು, ಆಮೇಲೆ ಪುಟ ತಿರುವಿ ಉತ್ತರ ಹೇಳುತ್ತದೆ. ಪ್ರವಾಹದ ತಂತ್ರಾಂಶವು ಸೇತುವೆಯ ಮೇಲೆ ನಿಂತ ಕಾವಲುಗಾರನಂತೆ. ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು, ಹಾದುಹೋಗುವುದನ್ನು ಹಾದುಹೋಗುವಾಗಲೇ ನೋಡುತ್ತದೆ. ಕಳೆದ ಐದು ಸೆಕೆಂಡುಗಳಲ್ಲಿ ಏನಾಯಿತೆಂಬುದಷ್ಟೇ ಬೇಕಾದವರಿಗೆ ಕಳೆದ ಐದು ವರ್ಷಗಳ ಕಡತವೇಕೆ?

ಸ್ಟೋನ್‌ಬ್ರೇಕರ್ ಅವರ ವಿದ್ವತ್ತನ್ನು ಯಾರೂ ಅಲ್ಲಗಳೆಯುವಂತಿಲ್ಲ. 2014ರ ಟ್ಯೂರಿಂಗ್ ಪ್ರಶಸ್ತಿ ಅವರಿಗೆ ಸಂದಿತು. ಆದರೆ ಆ ಗೆದ್ದ ತಂತ್ರಾಂಶವನ್ನು ಮಾರುತ್ತಿದ್ದ ಸ್ಟ್ರೀಮ್‌ಬೇಸ್ ಕಂಪನಿಯ ಸ್ಥಾಪಕರಲ್ಲಿ ಅವರೂ ಒಬ್ಬರಾಗಿದ್ದರು! ಅಂಕಿ ಸುಳ್ಳೆಂದಲ್ಲ, ಯಾವ ಕೆಲಸವನ್ನು ಪರೀಕ್ಷೆಗೆ ಆರಿಸಿದರೆಂಬುದನ್ನೂ ಕೊಳ್ಳುವವರು ನೋಡಬೇಕು. ಸೆಕೆಂಡಿಗೆ 900 ಸುದ್ದಿಯೇ ಸಾಕಾದ ಅಂಗಡಿ ಲೋಕದಲ್ಲಿ ಬೇಕಾದಷ್ಟಿದೆ.

ಇನ್ನೊಂದು ಮಾತು. ಆ ಸ್ಟ್ರೀಮ್‌ಬೇಸ್ ಕಂಪನಿಯನ್ನು 2013ರಲ್ಲಿ ಟಿಬ್ಕೊ ಎಂಬ ದೊಡ್ಡ ಕಂಪನಿ ಕೊಂಡುಕೊಂಡಿತು. ಇಂಗ್ಲೆಂಡಿನ ಕೇಂಬ್ರಿಜ್ಜಿನಲ್ಲಿ ಹುಟ್ಟಿ ಷೇರು ಪೇಟೆಗಳಲ್ಲಿ ಹೆಸರು ಮಾಡಿದ ‘ಅಪಾಮ’ ಎಂಬ ಘಟನಾ ತಂತ್ರಾಂಶವು 2005ರಲ್ಲಿ ಒಬ್ಬರ ಕೈಸೇರಿ, 2013ರಲ್ಲಿ ಮತ್ತೊಬ್ಬರ ಕೈಗೆ ದಾಟಿತು. ಒಂದೇ ಕಸುಬಿನ ಸರಕನ್ನು ಮಾಡುವವರು ಸಣ್ಣವರು. ಸಣ್ಣವರನ್ನು ದೊಡ್ಡವರು ನುಂಗುತ್ತಾರೆ. ಆಗ ಬೆಲೆಯೇನು, ದುರಸ್ತಿಗೆ ಯಾರು ಬರುತ್ತಾರೆ ಎಂಬುದು ಹೊಸ ಯಜಮಾನನ ಮರ್ಜಿ. ಸಿಎಂಸಿ ಸಂಸ್ಥೆಯೂ 2001ರಲ್ಲಿ ಸರ್ಕಾರದ ಕೈಬಿಟ್ಟು ಟಾಟಾ ಬಳಗಕ್ಕೆ ಸೇರಿತು. ಆದರೆ ಅಷ್ಟು ಹೊತ್ತಿಗೆ ರೈಲ್ವೆಯ ತಂತ್ರಾಂಶ ರೈಲ್ವೆಯದೇ ಸಂಸ್ಥೆಯ ಕೈಯಲ್ಲಿತ್ತು.

ಹತ್ತು ಬಸ್ಸುಗಳ ಮಾಲೀಕ

ಇಷ್ಟು ದೊಡ್ಡ ಕಥೆಗಳಿಂದ, ಹತ್ತು ಬಸ್ಸುಗಳನ್ನು ಓಡಿಸುವ ಒಬ್ಬ ಮಾಲೀಕನಿಗೆ ಪ್ರಯೋಜನವೇನೆಂದು ಕೇಳಬಹುದು. ಅವನ ಬಾಗಿಲಿಗೂ ಇಂದು ಮಾರಾಟಗಾರರು ಬರುತ್ತಾರೆ. ಬಸ್ಸಿನ ಕಸುಬಿಗೆಂದೇ ಮಾಡಿದ ತಂತ್ರಾಂಶವನ್ನು ಒಬ್ಬ ತೋರಿಸುತ್ತಾನೆ. ಬೇಕಾದಂತೆ ತಿದ್ದಿಕೊಳ್ಳಬಹುದಾದುದನ್ನು ಇನ್ನೊಬ್ಬ ತೋರಿಸುತ್ತಾನೆ. ಇಬ್ಬರ ತೆರೆಗಳ ಮೇಲೂ ಬಣ್ಣಬಣ್ಣದ ನಕ್ಷೆಗಳು.

ಬಣ್ಣವನ್ನು ಬದಿಗಿಟ್ಟು ಮಾಲೀಕನು ತನ್ನ ಒಂದು ದಿನದ ವ್ಯವಹಾರವನ್ನು ಕಾಗದದ ಮೇಲೆ ಬರೆದುಕೊಳ್ಳುವುದು ಮೇಲು. ಸೀಟು ಮಾರಿದ್ದು, ರದ್ದಾದದ್ದು, ಬಸ್ಸು ಹೊರಟದ್ದು, ಕೆಟ್ಟು ನಿಂತದ್ದು, ಡೀಸೆಲ್ ತುಂಬಿಸಿದ್ದು. ಇವುಗಳಲ್ಲಿ ಉಳಿದ ಬಸ್ಸಿನವರಿಗೂ ತನಗೂ ಸಮಾನವಾದವು ಎಷ್ಟು, ತನ್ನವೇ ಆದ ವಿಚಿತ್ರಗಳು ಎಷ್ಟು? ಹಬ್ಬದ ದಿನಗಳಲ್ಲಿ ಬಸ್ಸಿನ ಮೇಲೆ ಪಾರ್ಸೆಲ್ ಹೇರುವುದೇ ಅವನ ಲಾಭದ ಮೂಲವಾಗಿದ್ದರೆ, ಪಾರ್ಸೆಲ್ಲಿನ ಗಂಧವೇ ಇಲ್ಲದ ಬಸ್ಸಿನ ತಂತ್ರಾಂಶ ಎಷ್ಟು ಅಂದವಾಗಿದ್ದರೂ ಅವನಿಗಲ್ಲ. ಎಲ್ಲವೂ ಸಮಾನವಾಗಿದ್ದರೆ ಸಿದ್ಧ ಅಂಗಿಯನ್ನೇ ತೊಡಬಹುದು. ತಿದ್ದುವ ಉಸಾಬರಿ ಬೇಡ. ತಿದ್ದಬಹುದು ಎಂಬುದಕ್ಕೂ ತಿದ್ದುವವರು ಯಾರು, ದಿನವೊಂದಕ್ಕೆ ಅವರ ಕೂಲಿ ಎಷ್ಟು ಎಂಬುದಕ್ಕೂ ಬಹಳ ದೂರ. ಈ ದೂರವನ್ನು ಮಾರಾಟಗಾರರು ತಾವಾಗಿ ಅಳೆದು ಹೇಳುವುದಿಲ್ಲ.

ಮತ್ತೊಂದು ಪ್ರಶ್ನೆಯನ್ನು ಕೇಳುವವರು ಕಡಮೆ: ನಾಳೆ ಈ ತಂತ್ರಾಂಶವನ್ನು ಬಿಟ್ಟರೆ ಇದುವರೆಗಿನ ಘಟನೆಗಳ ದಾಖಲೆ ತನ್ನ ಕೈಗೆ ಬರುವುದೇ? ದೊಡ್ಡ ಸಂಸ್ಥೆಗಳು ಈಚೆಗೆ ಹಿಡಿದಿರುವ ದಾರಿ ಇಲ್ಲಿ ನೆನಪಿಗೆ ಬರುತ್ತದೆ. ಲಿಂಕ್ಡ್‌ಇನ್ ಕಂಪನಿಯಲ್ಲಿ ಹುಟ್ಟಿ 2011ರಲ್ಲಿ ಎಲ್ಲರಿಗೂ ಮುಕ್ತವಾದ ‘ಕಾಫ್ಕಾ’ ಎಂಬ ತಂತ್ರಾಂಶವು ಘಟನೆಗಳನ್ನು ಬಂದ ಅನುಕ್ರಮದಲ್ಲಿಯೇ, ಏನನ್ನೂ ತಿದ್ದದೆ, ರೋಜುಕೀರ್ದಿಯಲ್ಲಿ ಬರೆದಂತೆ ಬರೆದಿಡುತ್ತದೆ. ಬರೆಯುವುದೇ ಅದರ ಮುಖ್ಯ ಕಸುಬಾದ್ದರಿಂದ ಲೇಖಕ ಫ್ರಾಂಜ್ ಕಾಫ್ಕಾರ ಹೆಸರನ್ನು ಇಟ್ಟರಂತೆ. ಯಂತ್ರದ ಮಂದಿಯಲ್ಲಿಯೂ ರಸಿಕರಿದ್ದಾರೆ! ಆ ರೋಜುಕೀರ್ದಿಯಿಂದ ಪ್ರವಾಹದ ತಂತ್ರಾಂಶವೊಂದು ತನಗೆ ಬೇಕಾದುದನ್ನು ಓದಿಕೊಳ್ಳಬಹುದು. ತಿಂಗಳ ಲೆಕ್ಕ ಮಾಡುವುದು ಬೇರೊಂದನ್ನು ಓದಿಕೊಳ್ಳಬಹುದು. ಓದುವವರಲ್ಲಿ ಒಬ್ಬರನ್ನು ಬಿಡಿಸಿ ಇನ್ನೊಬ್ಬರನ್ನು ನೇಮಿಸಿದರೂ ಮೂಲ ಬರಹ ಕೆಡುವುದಿಲ್ಲ. ಹತ್ತು ಬಸ್ಸಿನವನಿಗೆ ಕಾಫ್ಕಾ ಬೇಕಿಲ್ಲ. ಪ್ರತಿರಾತ್ರಿ ಅಂದಿನ ಘಟನೆಗಳ ಒಂದು ಪ್ರತಿ, ಯಾರಾದರೂ ಓದಬಹುದಾದ ಸಾದಾ ಪಟ್ಟಿಯ ರೂಪದಲ್ಲಿ ತನ್ನ ಬಳಿ ಉಳಿಯಬೇಕೆಂದು ಕರಾರಿನಲ್ಲಿ ಬರೆಸಿಕೊಂಡರೆ ಸಾಕು.

ಬಸವನಗುಡಿಯ ಮನೆಯಲ್ಲಿ ಹಾಲು ಉಕ್ಕಿ ಒಲೆ ಆರಿದೆ. ಆದರೆ ಟಿಕೆಟ್ಟು ಬಂದಿದೆ. ಅಜ್ಜಿಗೆ ಕೆಳಗಿನ ಬರ್ತು. ಮೊಮ್ಮಗ ಹತ್ತು ಅಂಕಿಗಳ ಪಿಎನ್‌ಆರ್ ಸಂಖ್ಯೆಯನ್ನು ಕ್ಯಾಲೆಂಡರಿನ ಅಂಚಿನಲ್ಲಿ ಬರೆದುಕೊಳ್ಳುತ್ತಾನೆ. ರೈಲ್ವೆಯು ವಿಮಾನದವರ ತಂತ್ರಾಂಶವನ್ನು ತೊಡಲಿಲ್ಲ. ಆದರೆ ಈ ಮೂರಕ್ಷರಗಳನ್ನು ಮಾತ್ರ ಅವರಿಂದಲೇ ಪಡೆಯಿತು. ‘ಪ್ಯಾಸೆಂಜರ್ ನೇಮ್ ರೆಕಾರ್ಡ್’, ಅಂದರೆ ಪ್ರಯಾಣಿಕನ ಹೆಸರಿನ ದಾಖಲೆ. ಸೀಟನ್ನು ಮಾತ್ರ ಎಣಿಸಬಲ್ಲ ಯಂತ್ರಕ್ಕೆ ತಿಳಿಯದೆ ಹೋಗಿದ್ದ ಆ ಹೆಸರು.